ಹಾರ್ನಿನಿಂದ ಹಜಾರಕ್ಕೆ

ಕೊಳ್ಳೇಗಾಲದ ಕಡೆಯ ನಮಗೆ ಜಾತ್ರೆ ಮೊದಲು ಕಿವಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ಬನದ ಹುಣ್ಣಿಮೆಯ ಹೊತ್ತಿಗೆ ಚಿಕ್ಕಲ್ಲೂರಿನ ದಾರಿ ಹಿಡಿದರೆ, ಊರು ಇನ್ನೂ ಮೈಲಿ ದೂರ ಇದೆ ಅನ್ನುವಾಗಲೇ ಹೊಲಗಳ ಮೇಲಿನಿಂದ ಹಾರ್ನಿನ ಸದ್ದು ತೇಲಿ ಬರುತ್ತದೆ. ತಂಬೂರಿಯ ನಾದ ದಾರಿಯಲ್ಲೇ ಎಲ್ಲೋ ಉದುರಿಹೋಗಿರುತ್ತದೆ. ನೀಲಗಾರರ ಗಂಟಲು ಮಾತ್ರ ಮೂಗಿನಲ್ಲಿ ಹಾಡಿದ ಹಾಗೆ ಬಂದು ಮುಟ್ಟುತ್ತದೆ.

ಹೈಸ್ಕೂಲಿನ ರಜೆಯಲ್ಲಿ ನಾನು ನಮ್ಮ ಬೀದಿಯ ಮೈಕ್‌ಸೆಟ್ ಅಂಗಡಿಯಲ್ಲಿ ವೈರು ಸುತ್ತಿಡುವ ಕೆಲಸಕ್ಕೆ ನಿಲ್ಲುತ್ತಿದ್ದೆ. ಸಂಬಳ ಇಲ್ಲ, ಹಾರ್ನುಗಳ ನಡುವೆ ಕೂತು ಲಾರಿಯಲ್ಲಿ ಜಾತ್ರೆಗೆ ಹೋಗುವುದೇ ಸಂಬಳ. ಅಂಗಡಿಯ ಅಣ್ಣ ಒಂದು ದಿನ ಆಂಪ್ಲಿಫೈಯರನ್ನು ತಿರುಗಿಸಿ ಬೆನ್ನು ತೋರಿಸಿದ. ಸಾಲಾಗಿ ಆರು ಸ್ಕ್ರೂ. ಕಾಮನ್, 4 ಓಮ್, 8 ಓಮ್, 16 ಓಮ್, 70 ವೋಲ್ಟ್, 100 ವೋಲ್ಟ್. ಒಂದೊಂದರ ಕೆಳಗೂ ಮಾಸಿದ ಬಿಳಿ ಅಕ್ಷರ, ಅದರ ಮೇಲೆ ವರ್ಷಗಟ್ಟಲೆಯ ಮದುವೆಮನೆಗಳ ಧೂಳು. "ನೋಡು ಮೊಗ," ಅಂದ, "ಎಲ್ಲಿ ಕಟ್ಬೇಕು, ಎಷ್ಟು ದೂರ, ಎಷ್ಟು ಹಾರ್ನು, ಇಷ್ಟು ತಿಳ್ಕೊಂಡ್ರೆ ಯಾವ ಸ್ಕ್ರೂ ಅಂತ ಅದೇ ಹೇಳ್ತದ. ಲೋಡು ಕೂಡ್ದೆ ಇದ್ರೆ ಸುಟ್ಟೋಯ್ತದ."

ಅಣ್ಣ ಓದಿದ್ದು ಎಷ್ಟನೇ ಕ್ಲಾಸೋ. ಸ್ಪೀಕರಿಗೆ ಆಂಪ್ಲಿಫೈಯರ್ ಹೊಂದಿಸುವ ವಿದ್ಯೆಯ ಮುಕ್ಕಾಲು ಪಾಲು ಆ ಮಾತಿನಲ್ಲಿ ಇತ್ತೆಂದು ನನಗೆ ಹೊಳೆಯಲು ಇಪ್ಪತ್ತು ವರ್ಷ ಬೇಕಾಯಿತು.

ಈಗ ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲೂ ಮನೆಯಲ್ಲಿ ನೆಮ್ಮದಿಯಾಗಿ ಕೂತು ಹಾಡು ಕೇಳಬೇಕೆಂಬ ಗೀಳಿನವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ರೇಷ್ಮೆಯಲ್ಲಿ ನಾಲ್ಕು ಕಾಸು ಕಂಡವರು, ರಿಟೈರಾದ ಮೇಷ್ಟ್ರು, ಬೆಂಗಳೂರಿನ ಕೆಲಸದಿಂದ ಊರಿಗೆ ಮರಳಿದ ಹುಡುಗರು. ದೊಡ್ಡ ಊರಿನ ಅಂಗಡಿಯಲ್ಲಿ ಲಕ್ಷದ ಮೇಲೆ ಸುರಿದು ಜೋಡಿ ಸ್ಪೀಕರ್ ತರುತ್ತಾರೆ. ತಂದ ವಾರಕ್ಕೆ ನನಗೆ ಫೋನು: "ಅಲ್ಲಿ ಕೇಳಿದ ಹಾಗೆ ಇಲ್ಲಿ ಕೇಳ್ತಾ ಇಲ್ವಲ್ಲ ಸಾರ್." ಅಂಗಡಿಯಲ್ಲಿ ಇವರನ್ನು ಕೇಳಿದ ಮೊದಲ ಪ್ರಶ್ನೆ ಬಜೆಟ್ ಎಷ್ಟು ಅಂತ. ಇವರು ಕೇಳಿದ ಮೊದಲ ಪ್ರಶ್ನೆ ವ್ಯಾಟ್ ಎಷ್ಟು ಅಂತ. ಎಲ್ಲಿ ಇಡ್ತೀರಿ, ಎಷ್ಟು ದೂರ ಕೂರ್ತೀರಿ ಎಂದು ಇವರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅಣ್ಣನ ಲೋಡಿನಿಂದಲೇ ಶುರು ಮಾಡೋಣ. ಸ್ಪೀಕರಿನ ಹೊಟ್ಟೆಯೊಳಗೆ ಅಯಸ್ಕಾಂತದ ಸಂದಿಯಲ್ಲಿ ತಾಮ್ರದ ತಂತಿಯ ಸಣ್ಣ ಸುರುಳಿ ಇದೆ. ಆಂಪ್ಲಿಫೈಯರಿನಿಂದ ಕರೆಂಟು ಬಂದ ಹಾಗೆ ಅದು ಮುಂದಕ್ಕೂ ಹಿಂದಕ್ಕೂ ಆಡುತ್ತದೆ, ಅದಕ್ಕೆ ಅಂಟಿಕೊಂಡ ಕೋನ್ ಗಾಳಿಯನ್ನು ನೂಕುತ್ತದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಈ ಬಗೆಯ ಸ್ಪೀಕರನ್ನು ಒಂದು ಹದಕ್ಕೆ ತಂದದ್ದು 1925ರಲ್ಲಿ. ನೂರು ವರ್ಷ ಕಳೆದರೂ ಒಳಗಿನ ಆಟ ಅದೇ. ಆ ಸುರುಳಿ ಕರೆಂಟಿಗೆ ಒಡ್ಡುವ ತಡೆಯನ್ನು ಓಮ್‌ನಲ್ಲಿ ಅಳೆಯುತ್ತಾರೆ. ಡಬ್ಬದ ಮೇಲೆ 8 ಓಮ್ ಎಂದು ಅಚ್ಚಾಗಿರುತ್ತದಲ್ಲ, ಅದು ಅಂದಾಜಿನ ಮಾತು. ಸ್ವರ ಬದಲಾದರೆ ತಡೆಯೂ ಬದಲಾಗುತ್ತದೆ. ತಗ್ಗಿನ ಒಂದು ಸ್ವರಕ್ಕೆ 20-30 ಓಮ್‌ಗೆ ಏರಿದ ಸ್ಪೀಕರು, ಇನ್ನೊಂದಕ್ಕೆ 4ಕ್ಕೋ 3ಕ್ಕೋ ಕುಸಿಯಬಹುದು. ಹೇಳಿದ ಅಂಕಿಯ ಶೇ 80ಕ್ಕಿಂತ ಕೆಳಗೆ ಇಳಿಯಕೂಡದು, ಅಂದರೆ 8 ಎಂದವನು 6.4ರ ಮೇಲೆ ಇರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ಪಾಲಿಸದ ಕಂಪನಿಗಳು ಧಾರಾಳ.

ತಡೆ ಅರ್ಧಕ್ಕೆ ಇಳಿದರೆ ಅದೇ ವೋಲ್ಟೇಜಿಗೆ ಕರೆಂಟು ಎರಡರಷ್ಟು ಹರಿಯಬೇಕು. ಹರಿಸುವ ತಾಕತ್ತು ಆಂಪ್ಲಿಫೈಯರಿಗೆ ಇದೆಯೋ ಇಲ್ಲವೋ ಎಂಬುದೇ ಹೊಂದಿಕೆಯ ಮೊದಲ ಪ್ರಶ್ನೆ. ಇದನ್ನು ತಿಳಿಯಲು ಒಂದು ಸುಲಭದ ಉಪಾಯ ಇದೆ. ಕ್ಯಾಟಲಾಗಿನಲ್ಲಿ 8 ಓಮಿಗೆ ಎಷ್ಟು ವ್ಯಾಟ್, 4 ಓಮಿಗೆ ಎಷ್ಟು ವ್ಯಾಟ್ ಎಂದು ಎರಡನ್ನೂ ನೋಡಿ. 50 ಇದ್ದದ್ದು 90-100 ಆಗಿದ್ದರೆ ಒಳಗೆ ಗಟ್ಟಿ ಟ್ರಾನ್ಸ್‌ಫಾರ್ಮರ್ ಇದೆ ಎಂದರ್ಥ. 50 ಇದ್ದದ್ದು 60 ಆಗಿದ್ದರೆ ಪವರ್ ಸಪ್ಲೈ ಸೊರಗಿದೆ. 4 ಓಮಿನ ಅಂಕಿಯನ್ನೇ ಕೊಟ್ಟಿಲ್ಲವಾದರೆ, ಕೊಡದೆ ಇದ್ದದ್ದಕ್ಕೆ ಕಾರಣ ಇರುತ್ತದೆ.

ಆ 100 ವೋಲ್ಟಿನ ಸ್ಕ್ರೂ ಏಕೆ ಇತ್ತು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಅದರ ಕತೆ ನಮ್ಮ ಪಕ್ಕದ ಶಿವನಸಮುದ್ರದಲ್ಲೇ ಇದೆ. 1902ರಲ್ಲಿ ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ; ಸುಮಾರು 147 ಕಿಲೋಮೀಟರ್ ತಂತಿ. ಅಷ್ಟು ದೂರಕ್ಕೆ ಮನೆಗೆ ಕೊಡುವ ವೋಲ್ಟೇಜಿನಲ್ಲಿ ಕಳಿಸಿದ್ದರೆ ದಾರಿಯಲ್ಲೇ ಎಲ್ಲವೂ ಬಿಸಿಯಾಗಿ ಸೋರಿಹೋಗುತ್ತಿತ್ತು. ಅದಕ್ಕೇ 30-35 ಸಾವಿರ ವೋಲ್ಟಿಗೆ ಏರಿಸಿ ಕಳಿಸಿದರು. ವೋಲ್ಟೇಜು ಏರಿದಷ್ಟೂ ಅದೇ ಶಕ್ತಿಗೆ ಬೇಕಾದ ಕರೆಂಟು ಕಡಿಮೆ. ತಂತಿಯಲ್ಲಿ ಸೋರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ.

ಜಾತ್ರೆಯಲ್ಲಿ ಅಣ್ಣ ಮಾಡುತ್ತಿದ್ದದ್ದೂ ಇದನ್ನೇ. 50 ವ್ಯಾಟನ್ನು 8 ಓಮಿನ ಸ್ಕ್ರೂವಿನಿಂದ ಕಳಿಸಿದರೆ 20 ವೋಲ್ಟ್, ಎರಡೂವರೆ ಆಂಪಿಯರ್. 100 ವೋಲ್ಟಿನ ಸ್ಕ್ರೂವಿನಿಂದ ಕಳಿಸಿದರೆ ಅರ್ಧ ಆಂಪಿಯರ್ ಸಾಕು. ಕರೆಂಟು ಐದರಲ್ಲಿ ಒಂದು ಪಾಲು, ನಷ್ಟ ಇಪ್ಪತ್ತೈದರಲ್ಲಿ ಒಂದು ಪಾಲು. ಪ್ರತಿ ಹಾರ್ನಿನ ಬುಡದಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಿ ಮತ್ತೆ ಇಳಿಸಿಕೊಂಡರಾಯಿತು. ತೆಳು ವೈರಿನಲ್ಲಿ ಫರ್ಲಾಂಗುಗಟ್ಟಲೆ ಸದ್ದು ಓಡುತ್ತಿತ್ತು.

ಮನೆಯಲ್ಲಿ ಈ ತಾಪತ್ರಯ ಇಲ್ಲ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ನಾಲ್ಕು ಮೀಟರ್ ದೂರ. ಹೋಗಿ ಬರುವ ಎಂಟು ಮೀಟರಿಗೆ ಎರಡೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು ಒಡ್ಡುವ ತಡೆ 0.06 ಓಮಿನಷ್ಟು. ಎಂಟು ಓಮಿನ ಮುಂದೆ ಅದು ಸೊನ್ನೆಗೆ ಸಮ. ಮೀಟರಿಗೆ ಸಾವಿರಾರು ರೂಪಾಯಿಯ ಹಾವಿನಂಥ ಕೇಬಲ್ಲು ಮಾರುವವರು ಇದ್ದಾರೆ. ಕೊಳ್ಳುವ ಮುಂಚೆ ಆ ದುಡ್ಡಿಗೆ ಎಷ್ಟು ಕಂಬಳಿ ಬರುತ್ತದೆ ಎಂದು ಲೆಕ್ಕ ಹಾಕಿ. ಕಂಬಳಿ ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಇನ್ನು ವ್ಯಾಟಿನ ವಿಷಯ. ಟೇಪ್‌ರೆಕಾರ್ಡರುಗಳ ಕಾಲದಲ್ಲಿ ಸೆಟ್ಟಿನ ಮೂತಿಯ ಮೇಲೆ '1000 ವ್ಯಾಟ್ ಪಿಎಂಪಿಓ' ಎಂಬ ಬಂಗಾರದ ಸ್ಟಿಕ್ಕರ್ ಇರುತ್ತಿದ್ದದ್ದು ನೆನಪಿರಬೇಕು. ಅದರ ನಿಜವಾದ ಆರ್‌ಎಂಎಸ್ ಶಕ್ತಿ ಹತ್ತೋ ಹದಿನೈದೋ ವ್ಯಾಟ್. ಅಂದಿನಿಂದ ನಮ್ಮ ಜನಕ್ಕೆ ವ್ಯಾಟ್ ಎಂದರೆ ಗಂಡಸ್ತನದ ಅಳತೆ ಆಗಿಬಿಟ್ಟಿದೆ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರು ಮಾಡಿದಾಗ ಅವರ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಮುಂದೆ ದೇಶಕ್ಕೆಲ್ಲ ಹರಡಿದ 'ಆಕಾಶವಾಣಿ' ಎಂಬ ಹೆಸರು ಹುಟ್ಟಿಕೊಂಡದ್ದು ಆ 30 ವ್ಯಾಟಿನ ಮೇಲೆ. ರೇಡಿಯೋ ಅಲೆಯ ವ್ಯಾಟೇ ಬೇರೆ, ಸದ್ದಿನ ವ್ಯಾಟೇ ಬೇರೆ, ಹೋಲಿಸಬಾರದು, ಗೊತ್ತು. ಆದರೂ ಹತ್ತಡಿ ದೂರದ ಸೋಫಾಕ್ಕೆ 300 ವ್ಯಾಟ್ ಕೇಳುವವರನ್ನು ಕಂಡಾಗ ನನಗೆ ಅದು ನೆನಪಾಗುತ್ತದೆ.

ವ್ಯಾಟಿಗಿಂತ ಮೊದಲು ನೋಡಬೇಕಾದ ಅಂಕಿ ಒಂದಿದೆ: ಸೆನ್ಸಿಟಿವಿಟಿ. ಸ್ಪೀಕರಿಗೆ 2.83 ವೋಲ್ಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬಂತು ಎಂದು ಅಳೆಯುತ್ತಾರೆ. 8 ಓಮಿಗೆ 2.83 ವೋಲ್ಟ್ ಎಂದರೆ ಸರಿಯಾಗಿ ಒಂದು ವ್ಯಾಟ್. 4 ಓಮಿಗೆ ಎರಡು ವ್ಯಾಟ್ ಆಗುತ್ತದೆ. 4 ಓಮಿನ ಸ್ಪೀಕರುಗಳ ಅಂಕಿ ಕೊಂಚ ಹೆಚ್ಚೇ ಕಾಣುವುದರ ಗುಟ್ಟು ಇದು. ಮನೆಯ ಸ್ಪೀಕರುಗಳು ಸಾಮಾನ್ಯವಾಗಿ 84ರಿಂದ 90ರ ನಡುವೆ. ಡೆಸಿಬಲ್ಲಿನ ಲೆಕ್ಕ ವಿಚಿತ್ರ: ಮೂರು ಡೆಸಿಬಲ್ ಏರಿಸಲು ವ್ಯಾಟನ್ನು ಎರಡರಷ್ಟು ಮಾಡಬೇಕು, ಹತ್ತು ಏರಿಸಲು ಹತ್ತರಷ್ಟು. ಹತ್ತರಷ್ಟು ಮಾಡಿದರೂ ಕಿವಿಗೆ ಅನ್ನಿಸುವುದು 'ಎರಡರಷ್ಟು ಜೋರಾಯಿತು' ಅಂತ ಮಾತ್ರ. 50 ವ್ಯಾಟಿನ ಆಂಪ್ಲಿಫೈಯರ್ ಮಾರಿ 100 ವ್ಯಾಟಿನದು ತಂದವನಿಗೆ ಸಿಕ್ಕುವುದು ಮೂರೇ ಡೆಸಿಬಲ್. ವಾಲ್ಯೂಮ್ ಗುಂಡಿಯ ಒಂದು ಸಣ್ಣ ತಿರುವು.

ನಮ್ಮ ಪಕ್ಕದ ತಾಲ್ಲೂಕಿನ ತಿರುಮಕೂಡಲಿನ ಟಿ. ಚೌಡಯ್ಯನವರಿಗೆ ಇದು ಬೇರೆ ದಾರಿಯಲ್ಲಿ ಗೊತ್ತಿತ್ತು. ಮೈಕಿನ ಆಸರೆ ಇಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಅವರು ಕಮಾನನ್ನು ಇನ್ನಷ್ಟು ಒತ್ತಿ ಉಜ್ಜಲು ಹೋಗಲಿಲ್ಲ; ತಂತಿಗಳಿಗೆ ಜೋಡಿ ತಂತಿ ಕಟ್ಟಿ ನಾಲ್ಕನ್ನು ಏಳು ಮಾಡಿದರು. ಅದೇ ಕೈ, ಅದೇ ಕಮಾನು, ಹೆಚ್ಚು ನಾದ. ಸ್ಪೀಕರಿನವರು ಸೆನ್ಸಿಟಿವಿಟಿ ಎನ್ನುವುದು ಹೆಚ್ಚುಕಡಿಮೆ ಇದನ್ನೇ.

ಒಂದು ಲೆಕ್ಕ ಹಾಕಿ ನೋಡೋಣ. 87 ಡೆಸಿಬಲ್ಲಿನ ಜೋಡಿ ಸ್ಪೀಕರು, ನೀವು ಮೂರು ಮೀಟರ್ ದೂರದಲ್ಲಿ ಕೂತಿದ್ದೀರಿ. ದೂರಕ್ಕೆ ಒಂದಿಷ್ಟು ಕಳೆದು, ಎರಡನೇ ಸ್ಪೀಕರಿಗೂ ಗೋಡೆಗಳಿಂದ ಮರಳುವ ಸದ್ದಿಗೂ ಒಂದಿಷ್ಟು ಕೂಡಿದರೆ, ಒಂದೊಂದು ವ್ಯಾಟಿಗೆ ಕಿವಿಯ ಬಳಿ ಸುಮಾರು 84 ಡೆಸಿಬಲ್ ಸಿಗುತ್ತದೆ. ಸಂಸಾರಸ್ಥರು ಸಂಜೆ ಕೇಳುವ ಸದ್ದು 70-75. ಅಂದರೆ ಹೆಚ್ಚಿನ ಹೊತ್ತು ನಿಮ್ಮ ಆಂಪ್ಲಿಫೈಯರ್ ಕಾಲು ವ್ಯಾಟ್ ಕೂಡ ಕೊಡುತ್ತಿರುವುದಿಲ್ಲ. ಹಾಗಾದರೆ ಉಳಿದ ವ್ಯಾಟೆಲ್ಲ ಏಕೆ? ತವಿಲಿನ ಒಂದು ಪೆಟ್ಟಿಗೆ, ಕಂಸಾಳೆಯ ಒಂದು ತಟ್ಟಿಗೆ. ಆ ಗಳಿಗೆಯಲ್ಲಿ ಸದ್ದು ಸರಾಸರಿಗಿಂತ 20 ಡೆಸಿಬಲ್ ಮೇಲೆ ಜಿಗಿಯಬಹುದು. 20 ಡೆಸಿಬಲ್ ಎಂದರೆ ನೂರು ಪಟ್ಟು ಶಕ್ತಿ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಆ ಜಿಗಿತಕ್ಕೆ ನೀವು ದುಡ್ಡು ಕೊಡುತ್ತಿರುವುದು.

ಜಿಗಿತಕ್ಕೆ ಜಾಗ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಮೊದಲ ಸಲ ಒಳ್ಳೆಯ ಸ್ಪೀಕರ್ ಕೊಂಡಾಗ ಕೈ ಖಾಲಿಯಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಹಿಂದೆ ಯಾವತ್ತೋ ಕಟ್ಟಿದ್ದ 15 ವ್ಯಾಟಿನ ಆಂಪ್ಲಿಫೈಯರನ್ನೇ ಜೋಡಿಸಿದೆ. "ಸ್ಪೀಕರು 100 ವ್ಯಾಟ್ ತಡೀತದೆ, ನಿಮ್ದು 15 ವ್ಯಾಟು, ಏನೂ ಆಗಲ್ಲ" ಎಂದು ಅಂಗಡಿಯವರೂ ಧೈರ್ಯ ಹೇಳಿದ್ದರು. ಮಗನ ಹುಟ್ಟುಹಬ್ಬದ ಸಂಜೆ ಹುಡುಗರು ವಾಲ್ಯೂಮ್ ತುದಿಗೆ ತಿರುಗಿಸಿದರು. ಹಾಡು ಒರಟಾಯಿತು, ಯಾರೂ ಗಮನಿಸಲಿಲ್ಲ. ಮಾರನೇ ದಿನ ಹಾಕಿದರೆ ಕಂಬಳಿ ಹೊದಿಸಿದ ಹಾಗೆ ಮಂಕು. ಎರಡೂ ಟ್ವೀಟರ್ ಸತ್ತಿದ್ದವು.

ಸಣ್ಣ ಆಂಪ್ಲಿಫೈಯರು ದೊಡ್ಡ ಸ್ಪೀಕರನ್ನು ಕೊಂದದ್ದು ಹೇಗೆ? ಶಕ್ತಿ ಮುಗಿದ ಆಂಪ್ಲಿಫೈಯರು ಅಲೆಯ ತಲೆಯನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಕತ್ತರಿಸಿದ ಅಲೆಯ ಚೂಪಾದ ಮೂಲೆಗಳಲ್ಲಿ ಮೂಲ ಹಾಡಿನಲ್ಲಿ ಇಲ್ಲದ ಮೇಲುಸ್ವರಗಳು ಹುಟ್ಟಿಕೊಳ್ಳುತ್ತವೆ. ಮೇಲುಸ್ವರಗಳೆಲ್ಲ ಹೋಗುವುದು ಟ್ವೀಟರಿಗೆ. ಅದರ ಮೇಲೆ, ಪೆಟ್ಟುಗಳ ತಲೆ ಕತ್ತರಿಸಿಹೋದ ಮೇಲೂ ವಾಲ್ಯೂಮ್ ಏರುತ್ತಲೇ ಇದ್ದರೆ ಹಾಡಿನ ತೆಳುಭಾಗಗಳೆಲ್ಲ ಎದ್ದು ನಿಂತು, ಟ್ವೀಟರಿಗೆ ಬಿಡುವೇ ಸಿಗುವುದಿಲ್ಲ. ಕೂದಲಿನಂಥ ತಂತಿಯ ಸುರುಳಿ ಬೆಂದುಹೋಗುತ್ತದೆ. ಬಿಚ್ಚಿ ನೋಡಿದೆ. ಒಂದಿಂಚಿನ ಬಟ್ಟೆಯ ಗುಮ್ಮಟ, ಕೆಳಗೆ ಕಪ್ಪಗೆ ಕರಕಾದ ಸುರುಳಿ. ಆ ಗುಮ್ಮಟ ಲೇಪ ಹಚ್ಚಿದ ರೇಷ್ಮೆಯದು. ಮೃದುವಾದ ಟ್ವೀಟರುಗಳಿಗೆ ರೇಷ್ಮೆ ಬಳಸುವ ಪದ್ಧತಿ ಹಳೆಯದು. ಗೂಡಿನ ಊರಿನಲ್ಲಿ ಹುಟ್ಟಿದವನು ರೇಷ್ಮೆ ಸುಟ್ಟ ವಾಸನೆಯನ್ನು ಮೊದಲು ಕುಡಿದದ್ದು ಸ್ಪೀಕರಿನೊಳಗೆ ಎಂದರೆ ನಮ್ಮಮ್ಮ ನಂಬಲಿಲ್ಲ.

ಹೊಂದಿಕೆಯ ಹೆಸರಾಂತ ಜೋಡಿಗಳನ್ನು ನೋಡಿದರೆ ಅಣ್ಣನ ಮೂರು ಪ್ರಶ್ನೆಗಳೇ ಮತ್ತೆ ಎದುರಾಗುತ್ತವೆ. ಅಮೆರಿಕದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಕಟ್ಟಿದ ಕ್ಲಿಪ್ಶ್‌ಹಾರ್ನ್ ಕೋಣೆಯ ಮೂಲೆಯನ್ನೇ ತನ್ನ ಕೊಳವೆಯ ಮುಂದುವರಿಕೆ ಮಾಡಿಕೊಂಡಿತು. ಅದರ ಸೆನ್ಸಿಟಿವಿಟಿ 104ರ ಆಸುಪಾಸು. 300ಬಿ ಎಂಬ ಒಂದೇ ಒಂದು ವಾಲ್ವು ಕೊಡುವ ಎಂಟು ವ್ಯಾಟಿಗೆ ಅದು ಮನೆ ನಡುಗಿಸುತ್ತದೆ. ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಇಟ್ಟುಕೊಂಡು ಕೇಳಲೆಂದು 1970ರ ದಶಕದಲ್ಲಿ ರೂಪಿಸಿದ ಎಲ್ಎಸ್3/5ಎ ಇದಕ್ಕೆ ತದ್ವಿರುದ್ಧ. ಬೂಟಿನ ಡಬ್ಬದಷ್ಟು ಗಾತ್ರ, ಮೊದಲಿನವು 15 ಓಮ್, ಸೆನ್ಸಿಟಿವಿಟಿ 82-83. ಎರಡರ ಅಂತರ 21-22 ಡೆಸಿಬಲ್. ಒಬ್ಬನಿಗೆ ಒಂದು ವ್ಯಾಟ್ ಸಾಕಾದ ಕಡೆ ಇನ್ನೊಬ್ಬನಿಗೆ ನೂರೈವತ್ತರ ಹತ್ತಿರ ಬೇಕು, ಮತ್ತು ಅಷ್ಟನ್ನು ಆ ಪುಟ್ಟ ಡಬ್ಬ ತಡೆಯುವುದೂ ಇಲ್ಲ. ವ್ಯಾನಿನೊಳಗೆ ಕಿವಿ ಸ್ಪೀಕರಿಗೆ ಅಷ್ಟು ಹತ್ತಿರ, ಅದಕ್ಕೆ ನಡೆಯಿತು. ಇಂಗ್ಲೆಂಡಿನ ಪೀಟರ್ ವಾಕರ್ 1957ರಲ್ಲಿ ಹೊರತಂದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿಗೆ ಜೋಡಿ ಅವರದೇ 15 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್. ಮುಂದೆ ಟ್ರಾನ್ಸಿಸ್ಟರು ಬಂದಾಗ ಆಸೆಬುರುಕರು ಭಾರಿ ಆಂಪ್ಲಿಫೈಯರ್ ಕಟ್ಟಿ ಸ್ಪೀಕರಿನೊಳಗಿನ ಹಾಳೆಯಲ್ಲಿ ಕಿಡಿ ಹಾರಿಸಿಕೊಂಡರು. 1980ರ ದಶಕದ ಅಪೋಜಿ ಸಿಂಟಿಲಾ ಎಂಬ ಸ್ಪೀಕರಿನ ತಡೆ ಒಂದೇ ಓಮ್. ಅದರ ಮುಂದೆ ಸಾಧಾರಣ ಆಂಪ್ಲಿಫೈಯರುಗಳು ಮಂಡಿಯೂರಿದವು.

ವಾಲ್ವಿನ ಮಾತು ಬಂದಿತಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಿಂದ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಇಎಲ್84, ಇಸಿಸಿ83 ಎಂದು ಅಚ್ಚಾದ ಬಿಇಎಲ್ ಡಬ್ಬಗಳು ಹಳೆಯ ರಿಪೇರಿ ಅಂಗಡಿಗಳ ಅಟ್ಟದಲ್ಲಿ ಈಗಲೂ ಸಿಕ್ಕುವುದುಂಟು. ವಾಲ್ವಿನ ಸದ್ದಿಗೆ ಮರುಳಾದವರಿಗೆ ಒಂದು ಮಾತು: ಕಂಸಾಳೆಯವರು ತಟ್ಟಿದ ತಾಳವನ್ನು ಅಂಗೈಗೆ ಒತ್ತಿ ನಾದವನ್ನು ಥಟ್ಟನೆ ನಿಲ್ಲಿಸುವುದನ್ನು ನೋಡಿದ್ದೀರಲ್ಲ? ಆಂಪ್ಲಿಫೈಯರಿಗೂ ಅಂಥದ್ದೊಂದು ಅಂಗೈ ಇದೆ. ಪೆಟ್ಟು ಮುಗಿದ ಮೇಲೂ ತೂಗುತ್ತಿರುವ ಕೋನನ್ನು ಅದು ಹಿಡಿದು ನಿಲ್ಲಿಸಬೇಕು. ಡ್ಯಾಂಪಿಂಗ್ ಫ್ಯಾಕ್ಟರ್ ಅನ್ನುವುದು ಇದನ್ನೇ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಹಿಡಿತ ಬಿಗಿ. ವಾಲ್ವಿನದು ಸಡಿಲ, ಅದರ ಸ್ವಂತ ತಡೆಯೇ ಒಂದೆರಡು ಓಮ್ ಇರುವುದರಿಂದ. ತಡೆ ಏರಿಳಿಯುವ ಸ್ಪೀಕರಿಗೆ ಅದನ್ನು ಕಟ್ಟಿದರೆ, ಏರಿದಲ್ಲಿ ಸದ್ದು ಉಬ್ಬುತ್ತದೆ, ಇಳಿದಲ್ಲಿ ಸೊರಗುತ್ತದೆ. ಕೆಲವರು ಅದನ್ನೇ 'ಮಾಧುರ್ಯ' ಎನ್ನುತ್ತಾರೆ. ಅವರೊಂದಿಗೆ ನನ್ನ ಜಗಳ ಇಲ್ಲ, ತಡೆ ಸಮನಾಗಿರುವ ಸ್ಪೀಕರ್ ಆರಿಸಿಕೊಳ್ಳಿ ಎನ್ನುತ್ತೇನೆ ಅಷ್ಟೆ.

ಈಗ ಎಲ್ಲಿ ಎಂಬ ಪ್ರಶ್ನೆ. ಕಳೆದ ವರ್ಷ ಯಳಂದೂರಿನ ಗೆಳೆಯರೊಬ್ಬರು ಹೊಸ ಮನೆ ಕಟ್ಟಿ, ಹಜಾರದ ಪಕ್ಕದಲ್ಲಿ ಹಾಡು ಕೇಳಲೆಂದೇ ಒಂದು ಕೋಣೆ ಬಿಟ್ಟರು. ಹದಿನಾರಡಿ ಉದ್ದ, ಹನ್ನೆರಡಡಿ ಅಗಲ, ಹತ್ತಡಿ ಎತ್ತರ. ಆರ್‌ಸಿಸಿ ತಾರಸಿ, ನುಣುಪು ಪ್ಲಾಸ್ಟರಿಂಗ್, ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್, ನಡುವೆ ಗಾಜಿನ ಟೀಪಾಯಿ. ಸ್ಪೀಕರು ಒಳ್ಳೆಯವು, ಆಂಪ್ಲಿಫೈಯರೂ 4 ಓಮಿಗೆ ಹೆದರದ ಆಳು. ಆದರೂ ಅವರು ಅದನ್ನು ಮಾರಿ ಇನ್ನೂ ದೊಡ್ಡದನ್ನು ತರುವ ಹುನ್ನಾರದಲ್ಲಿದ್ದರು. "ಸದ್ದು ತಲೆಗೆ ಹೊಡೀತದೆ, ಮಾತು ಬಿಡಿಸಿ ಕೇಳಲ್ಲ" ಎಂಬ ದೂರು.

ನಾನು ಹೋಗಿ ಬಾಗಿಲಲ್ಲೇ ನಿಂತು ಒಂದು ಚಪ್ಪಾಳೆ ತಟ್ಟಿದೆ. ಕೋಣೆ 'ಝ್ರೀಂ' ಎಂದು ಮರುದನಿಸಿತು, ಬಾವಿಯೊಳಗೆ ಕಲ್ಲು ಬಿದ್ದ ಹಾಗೆ. ಹಾರ್ವರ್ಡಿನ ವ್ಯಾಲೇಸ್ ಸೇಬಿನ್ ಎಂಬ ಯುವ ಅಧ್ಯಾಪಕ 1890ರ ದಶಕದಲ್ಲಿ ಹೀಗೆಯೇ ಮೊಳಗುತ್ತಿದ್ದ ಉಪನ್ಯಾಸದ ಕೋಣೆಯೊಂದನ್ನು ಸರಿಮಾಡಲು ಹೋಗಿ, ರಾತ್ರಿಯೆಲ್ಲ ಪಕ್ಕದ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು ಹರಡಿ ಅಳೆದು, ಸದ್ದು ಆರುವ ಕಾಲಕ್ಕೆ ಒಂದು ಸೂತ್ರ ಕಂಡುಹಿಡಿದ. ಕೋಣೆ ದೊಡ್ಡದಾದಷ್ಟೂ ಸದ್ದು ಆರುವುದು ತಡ, ಹೀರುವ ವಸ್ತು ಹೆಚ್ಚಿದಷ್ಟೂ ಬೇಗ. ಹೀರುವಿಕೆಯನ್ನು ಅವನು 'ತೆರೆದ ಕಿಟಕಿ'ಯ ಲೆಕ್ಕದಲ್ಲಿ ಅಳೆದ. ತೆರೆದ ಕಿಟಕಿಗೆ ಹೋದ ಸದ್ದು ಮರಳಿ ಬರುವುದಿಲ್ಲವಲ್ಲ. ಆ ಸೂತ್ರದಲ್ಲಿ ಯಳಂದೂರಿನ ಕೋಣೆಯನ್ನು ಹಾಕಿದರೆ, ಖಾಲಿ ಇದ್ದಾಗ ಸದ್ದು ಆರಲು ಎರಡು ಸೆಕೆಂಡಿಗೂ ಹೆಚ್ಚು. ಹಾಡು ಕೇಳಲು ಅರ್ಧ ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಅಷ್ಟಕ್ಕೆ ಇಳಿಸಲು 17-18 ಚದರ ಮೀಟರ್ ತೆರೆದ ಕಿಟಕಿ ಬೇಕು, ಅಂದರೆ ಹೆಚ್ಚುಕಡಿಮೆ ಇಡೀ ಛಾವಣಿಯನ್ನೇ ಕಿತ್ತ ಹಾಗೆ.

ಮೊದಲು ಇದನ್ನು ನೋಡೋಣ ಎಂದು ಗೆಳೆಯರ ಮನೆಯವರು ಗೋಡೆಗೆ ಒಂದು ರೇಷ್ಮೆ ಸೀರೆಯನ್ನು ಇಳಿಬಿಟ್ಟರು. ನೋಡಲು ಚೆಂದ, ಸದ್ದು ಅದರೊಳಗಿಂದ ಹಾದು ಗೋಡೆಗೆ ಬಡಿದು ಮತ್ತೆ ಹಾದು ಬಂತು. ಹೀರಲು ದಪ್ಪ ಬೇಕು, ನಾರು ಬೇಕು, ಒಳಗೆ ಗಾಳಿ ಸಿಕ್ಕಿಹಾಕಿಕೊಳ್ಳಬೇಕು. ಕುರಿಯ ಕಂಬಳಿ, ಹತ್ತಿಯ ಹಾಸಿಗೆ, ಪುಸ್ತಕದ ಕಪಾಟು ಇವೆಲ್ಲ ಕೆಲಸ ಮಾಡುತ್ತವೆ. ಸ್ಪೀಕರಿನಿಂದ ಹೊರಟ ಸದ್ದು ಪಕ್ಕದ ಗೋಡೆಗೆ ಮೊದಲು ತಗುಲುವ ಜಾಗವನ್ನು ಕನ್ನಡಿ ಹಿಡಿದು ಹುಡುಕಿ, ಅಲ್ಲಿ ಎರಡು ಪದರ ಕಂಬಳಿಯನ್ನು ಗೋಡೆಯಿಂದ ನಾಲ್ಕಿಂಚು ಬಿಟ್ಟು ತೂಗುಹಾಕಿದೆವು. ನೆಲಕ್ಕೆ ಜಮಖಾನ. ಹಿಂದಿನ ಗೋಡೆಗೆ ಅವರ ತಂದೆಯ ಕಾಲದ ಪುಸ್ತಕದ ಬೀರು.

ಮೇಲುಸ್ವರ ಹತೋಟಿಗೆ ಬಂತು, ಕೆಳಸ್ವರ ಬರಲಿಲ್ಲ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಕೊಂಡು ಕುಣಿಯುತ್ತವೆ. ಹದಿನಾರಡಿಗೆ 35 ಹರ್ಟ್ಸ್, ಹನ್ನೆರಡಕ್ಕೆ 47, ಹತ್ತಕ್ಕೆ 56, ಮತ್ತೆ ಅವುಗಳ ದುಪ್ಪಟ್ಟುಗಳು. ಉದ್ದ ಅಗಲ ಸಮನಾದ ಚೌಕ ಕೋಣೆಯಾದರೆ ಎರಡೂ ಒಂದೇ ಸ್ವರದಲ್ಲಿ ಕೂಡಿಕೊಂಡು ಗುಂಯ್‌ಗುಡುತ್ತವೆ, ವಾಸ್ತುವಿನವರು ಏನೇ ಹೇಳಲಿ. ಇದಕ್ಕೆ ಕಂಬಳಿ ಸಾಲದು, ಜಾಗ ಬದಲಿಸುವುದೇ ಮದ್ದು. ಟಿವಿಯ ಶೋಕೇಸಿನೊಳಗೆ ತುರುಕಿದ್ದ ಸ್ಪೀಕರುಗಳನ್ನು ಹೊರಕ್ಕೆ ತಂದು ಮೂಲೆಯಿಂದ ಮೂರಡಿ ಮುಂದಕ್ಕೆ ಇಟ್ಟೆವು. ಹಿಂದಿನ ಗೋಡೆಗೆ ಅಂಟಿದ್ದ ಸೋಫಾವನ್ನು ಮುಂದಕ್ಕೆ ಎಳೆದೆವು. ಪ್ರತಿ ಸಲ ಅರ್ಧ ಅಡಿ ಸರಿಸಿ, ಡಾ. ರಾಜ್‌ಕುಮಾರ್ ಅವರ ದನಿ ಹಾಕಿ ಕೇಳುವುದು. ಗಾಜನೂರಿನವರ ಆ ಎದೆದನಿ ಊದಿಕೊಂಡರೆ ನಮ್ಮ ಕಡೆ ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ.

ಕೊಳ್ಳೇಗಾಲದ ನಮ್ಮ ಹಳೆಯ ಮನೆಯಲ್ಲಿ ಇಂಥದೇ ಸ್ಪೀಕರು ಬೇರೆಯೇ ಆಗಿ ನುಡಿಯುತ್ತದೆ. ಮಣ್ಣಿನ ಗೋಡೆ, ಮರದ ಜಂತಿ, ನಾಡಹೆಂಚು. ಸಾವಿರ ಹೆಂಚಿನ ಡೊಂಕಿಗೆ ಸದ್ದು ಚೆದುರಿ ಹಂಚಿಹೋಗುತ್ತದೆ. ಕೆಳಸ್ವರ ಹೆಂಚಿನ ಸಂದಿಯಿಂದ ಆಕಾಶಕ್ಕೆ ಸೋರುತ್ತದೆ. ಮಾತು ಸ್ಫಟಿಕ, ಬೇಸ್ ತೆಳು. ಅಲ್ಲಿ ಮೂವತ್ತು ವ್ಯಾಟ್ ಹೆಚ್ಚು ಬೇಕಾದದ್ದು ನಿಜ. ಇನ್ನೊಂದು ಸಂಗತಿ ಯಾವ ಕ್ಯಾಟಲಾಗಿನಲ್ಲೂ ಇಲ್ಲ: ನಾವು ಚಾಪೆಯ ಮೇಲೆ ಕೂರುವ ಜನ. ಸೋಫಾದ ಎತ್ತರಕ್ಕೆ ಟ್ವೀಟರ್ ಇಟ್ಟು ಮಾಡಿದ ಸ್ಪೀಕರು ನಮ್ಮ ತಲೆಯ ಮೇಲಿನಿಂದ ಹಾಡುತ್ತದೆ. ಹಿಂದಿನ ಎರಡು ಕಾಲಿಗೆ ಮರದ ತುಂಡು ಕೊಟ್ಟು ಮುಂದಕ್ಕೆ ಬಗ್ಗಿಸಿದರೆ ಸಾಕು, ಖರ್ಚು ಇಲ್ಲ.

ಹನೂರಿನ ಕಡೆ ತೊಂದರೆಯೇ ಬೇರೆ. ಬೇಸಿಗೆಯಲ್ಲಿ ಎಲ್ಲ ಪಂಪ್‌ಸೆಟ್ಟೂ ಒಟ್ಟಿಗೆ ಎದ್ದಾಗ ತೋಟದ ಮನೆಯ 230 ವೋಲ್ಟ್ 190ಕ್ಕೆ ಇಳಿಯುವುದುಂಟು. ಸಾಮಾನ್ಯ ಆಂಪ್ಲಿಫೈಯರಿನಲ್ಲಿ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. ನೂರು ವ್ಯಾಟ್ 68 ಆಗುತ್ತದೆ. ಕೇಳಲು ಗಾಬರಿ, ಕಿವಿಗೆ ಎರಡು ಡೆಸಿಬಲ್ಲೂ ಅಲ್ಲ. ಅದಕ್ಕಿಂತ ಕಾಟ ಕೊಡುವುದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್. ಕರೆಂಟು ಹೋದ ಕೂಡಲೇ ಟ್ರಾನ್ಸ್‌ಫಾರ್ಮರು ಜೀರುಂಡೆಯ ಹಾಗೆ ಗುಯ್‌ಗುಟ್ಟಲು ಶುರು. ಸೈನ್ ವೇವ್ ಇನ್ವರ್ಟರು, ನೀರು ಹಾಕಿ ತಂಪಾಗಿಟ್ಟ ಅರ್ಥಿಂಗ್ ಗುಂಡಿ, ಇವೆರಡಕ್ಕೆ ಹಾಕಿದ ದುಡ್ಡು ಆಂಪ್ಲಿಫೈಯರಿಗೆ ಹಾಕಿದ್ದಕ್ಕಿಂತ ಮೊದಲು ಫಲ ಕೊಡುತ್ತದೆ.

ಕೊನೆಯ ಪರೀಕ್ಷೆಗೆ ನಾನು ಯಾವಾಗಲೂ ಒಯ್ಯುವುದು ಮಾದಪ್ಪನ ಬೆಟ್ಟದಲ್ಲಿ ನಾನೇ ರೆಕಾರ್ಡ್ ಮಾಡಿಕೊಂಡ ಕಂಸಾಳೆ. ಎಡಗೈಯ ಬಟ್ಟಲಿಗೆ ಬಲಗೈಯ ತಟ್ಟೆ ತಗುಲುವ ಮೊದಲ ಗಳಿಗೆ ಯಾವ ಸಿಸ್ಟಮಿಗೂ ಸವಾಲು. ಶಕ್ತಿ ಸಾಲದಿದ್ದರೆ 'ಛಣ್' ಅನ್ನುವುದು 'ಛಷ್' ಆಗುತ್ತದೆ. ಕೋಣೆ ಕೆಟ್ಟಿದ್ದರೆ ಒಂದು ತಟ್ಟಿನ ಬಾಲದ ಮೇಲೆ ಇನ್ನೊಂದು ಕೂತು, ಎಲ್ಲ ಸೇರಿ ತಗಡಿನ ಮಳೆಯಾಗುತ್ತದೆ. ಯಳಂದೂರಿನಲ್ಲಿ ಕಂಬಳಿ ಕಟ್ಟಿದ ಸಂಜೆ ಅದನ್ನು ಹಾಕಿದೆವು. ಬಹುತೇಕ ಬಿಡಿಬಿಡಿಯಾಗಿತ್ತು, ಆದರೂ ಪ್ರತಿ ತಟ್ಟಿಗೂ ಒಂದು ಸಣ್ಣ ಕಿರುದನಿ ಅಂಟಿಕೊಂಡೇ ಇತ್ತು. ಎಲ್ಲಿಂದ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮೈಕ್‌ಸೆಟ್ ಅಣ್ಣನಿಗೆ ಈಗ ಎಪ್ಪತ್ತರ ಮೇಲೆ. ಅಂಗಡಿ ಮಗನ ಕೈಯಲ್ಲಿದೆ. ಹಾರ್ನು ಹೋಗಿ ಕಪ್ಪು ಡಬ್ಬಗಳ ಡಿಜೆ ಬಂದಿದೆ. ಯಾವುದೋ ಮದುವೆಗೆ ಯಳಂದೂರಿಗೆ ಬಂದಿದ್ದವನನ್ನು ಬಲವಂತ ಮಾಡಿ ಗೆಳೆಯರ ಆ ಕೋಣೆಗೆ ಕರೆದುಕೊಂಡು ಹೋದೆ. ಚಪ್ಪಲಿ ಬಿಟ್ಟು ಒಳಗೆ ಬಂದವನು ಸ್ಪೀಕರಿನ ಬೆಲೆ ಕೇಳಲಿಲ್ಲ. ಆಂಪ್ಲಿಫೈಯರಿನ ನೆತ್ತಿಯ ಮೇಲೆ ಅಂಗೈ ಇಟ್ಟು ಬಿಸಿ ನೋಡಿದ.

"ಲೋಡೆಷ್ಟದ ಮೊಗ?"

"ನಾಲ್ಕು ಓಮ್ ಅಣ್ಣ. ಒಂದೊಂದ್ಸಲ ಮೂರಕ್ಕೆ ಇಳೀತದೆ."

ತಲೆಯಾಡಿಸಿದ. ಕಂಸಾಳೆ ಹಾಕಿದೆ. ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಎದ್ದು, ಸೋಫಾದ ಮುಂದೆ ಹೊಳೆಯುತ್ತಿದ್ದ ಟೀಪಾಯಿಯ ಗಾಜಿನ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿದ.

"ಇದ್ನ ಎತ್ತಿ ಆಚಿಗಾಕ್ಬುಡಿ ಮೊದ್ಲು," ಅಂದ.